ದಿಂಬಂ ಘಾಟಿಗೆ ಮುನ್ನ ರೇಡಿಯೇಟರ್

ಅನ್ನೂರಿನಿಂದ ಸತ್ಯಮಂಗಲ ಮಾರ್ಗವಾಗಿ ಚಾಮರಾಜನಗರಕ್ಕೆ ಹೊರಟ ಹಳೆಯ ಮಹೀಂದ್ರಾ ಜೀಪುಗಳು ದಿಂಬಂ ಘಾಟಿಯ 27 ತಿರುವುಗಳಲ್ಲಿ ಕುದಿದು ನಿಲ್ಲುವುದುಂಟು. ಕೂಡಲೇ ನೀರಿನ ದಾರಿ ಕಾಯುವ ಥರ್ಮೋಸ್ಟಾಟನ್ನು ದೂಷಿಸಿ ಕಿತ್ತೆಸೆಯುವವರಿದ್ದಾರೆ. ವಿಚಾರಣೆಯಿಲ್ಲದ ಶಿಕ್ಷೆಯಿದು! ಅನೇಕ ವೇಳೆ ನಿಜವಾದ ಅಪರಾಧಿ, ವರ್ಷಗಟ್ಟಲೆ ಸುರಿದ ಕೊಳವೆಬಾವಿಯ ಗಡಸು ನೀರು. ಅದರ ಸುಣ್ಣ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಹೆಪ್ಪುಗಟ್ಟಿ ಶಾಖವನ್ನು ಹೊರಬಿಡುವುದಿಲ್ಲ.

ರೇಡಿಯೇಟರನ್ನು ಕಳಚಿ ನಾಳಗಳನ್ನು ಶುಚಿಗೊಳಿಸಬೇಕು. ಮೆತ್ತಗಾದ ಹೋಸ್, ಸವೆದ ಬೆಲ್ಟ್, ಸೋರುವ ವಾಟರ್ ಪಂಪನ್ನು ಬದಲಿಸಬೇಕು. ಥರ್ಮೋಸ್ಟಾಟನ್ನು ನೀರಿನಲ್ಲಿಟ್ಟು ಕಾಯಿಸಿದರೆ, ಸಾಮಾನ್ಯವಾಗಿ 82 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ತೆರೆಯುವುದನ್ನು ಮಕ್ಕಳಿಗೂ ತೋರಿಸಬಹುದು. ಮುಚ್ಚಳದ ರಬ್ಬರು ಸವೆದಿದ್ದರೆ ಒತ್ತಡ ನಿಲ್ಲದೆ ನೀರು ಬೇಗ ಕುದಿಯುತ್ತದೆ. ಬಳಿಕ ಬಟ್ಟಿ ಇಳಿಸಿದ ನೀರಿಗೆ ಸಮಪ್ರಮಾಣದ ಕೂಲಂಟ್ ಬೆರೆಸಿ ತುಂಬಿರಿ. ಕುದಿಯುತ್ತಿರುವ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಯಾರೂ ತೆರೆಯಕೂಡದು. ಚಿಮ್ಮುವ ನೀರು ಪಕ್ಕದಲ್ಲಿ ನಿಂತ ಮಗುವಿನ ಮುಖವನ್ನು ಸುಟ್ಟೀತು.