ಬೆಳಕಿನ ಬೈರಿಗೆ

ಸೊರಬ ತಾಲ್ಲೂಕಿನ ಕುಪ್ಪಗಡ್ಡೆಯಂಥ ಊರಿನಲ್ಲಿ ಕೊಳವೆ ಬಾವಿ ಕೊರೆಯುವ ಲಾರಿ ಬಂದು ನಿಂತಿತೆಂದರೆ, ಆ ದಿನ ತೋಟದ ಒಡೆಯರಿಗೆ ಊಟ ಸೇರದು. ಮೇಲಿನ ಮಣ್ಣನ್ನೂ ಜಂಬಿಟ್ಟಿಗೆಯನ್ನೂ ಯಂತ್ರವು ಲೀಲಾಜಾಲವಾಗಿ ದಾಟುತ್ತದೆ. ಗಟ್ಟಿ ಬಂಡೆ ಎದುರಾಯಿತೋ, ಸುತ್ತಿಗೆಯ ಸದ್ದೇ ಬದಲಾಗುತ್ತದೆ. ಕೂಲಿಯ ಲೆಕ್ಕ ಅಡಿಗಿಷ್ಟು ಎಂದು. ನೀರು ಬಂದರೂ ಹಣ, ಬಾರದಿದ್ದರೂ ಹಣ!

ಈ ಉಕ್ಕಿನ ಸುತ್ತಿಗೆಯ ಬದಲು ಬೆಳಕಿನಿಂದಲೇ ಬಂಡೆಯನ್ನು ಕೊರೆಯಬಾರದೇಕೆ? ಇದು ಬರಿಯ ಕಲ್ಪನೆಯಲ್ಲ. 1960ರಲ್ಲಿ ಅಮೆರಿಕದ ಮೈಮನ್ ಎಂಬ ವಿಜ್ಞಾನಿಯು ಮಾಣಿಕ್ಯದ ಹರಳಿನಿಂದ ಮೊಟ್ಟಮೊದಲ ಲೇಸರ್ ಕಿರಣವನ್ನು ಹೊಮ್ಮಿಸಿದನು. 1997ರಲ್ಲಿ ಅಲ್ಲಿಯ ಗ್ಯಾಸ್ ರಿಸರ್ಚ್ ಇನ್‌ಸ್ಟಿಟ್ಯೂಟ್ ಸಂಸ್ಥೆಯು ಲೇಸರಿನಿಂದ ಶಿಲೆಯನ್ನು ಕೊರೆಯುವ ಸಂಶೋಧನೆಯನ್ನು ಕೈಗೊಂಡಿತು. ಕ್ಷಿಪಣಿಗಳನ್ನು ಹೊಡೆದುರುಳಿಸಲೆಂದು ನಿರ್ಮಿಸಿದ್ದ ಭಾರಿ ಲೇಸರು ಕಲ್ಲಿನ ತುಂಡುಗಳತ್ತ ತಿರುಗಿತು.

ಬೆಂಕಿಯಿಂದ ಬಂಡೆಯನ್ನು ಮಣಿಸುವುದು ಕನ್ನಡ ನಾಡಿಗೆ ಹೊಸತೇನೂ ಅಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಚಿನ್ನವನ್ನರಸಿ ಹೊರಟವರು ಬಂಡೆಯ ಮೇಲೆ ಸೌದೆ ಉರಿಸಿ, ಕಲ್ಲನ್ನು ಬಿರಿಯಿಸಿ, 640 ಅಡಿಗಳ ಆಳದವರೆಗೂ ಇಳಿದಿದ್ದರು. ಆ ಹೊಗೆಯ ನಡುವೆ ಅವರು ಉಸಿರಾಡಿದುದಾದರೂ ಹೇಗೋ!

ಲೇಸರ್ ಮಾಡುವುದೂ ಅದೇ ಕೆಲಸವನ್ನು, ಆದರೆ ಕ್ಷಣಾರ್ಧದಲ್ಲಿ. ಕಲ್ಲು ಶಾಖವನ್ನು ಬೇಗನೆ ಒಳಗೆ ಹರಿಯಗೊಡುವುದಿಲ್ಲ. ಕಿರಣ ತಾಗಿದ ತೆಳುಪದರ ಮಾತ್ರ ಕಾದು ಹಿಗ್ಗುತ್ತದೆ. ಕೆಳಗಿನದು ತಣ್ಣಗೇ ಉಳಿಯುತ್ತದೆ. ಈ ಎಳೆದಾಟದಲ್ಲಿ ಮೇಲಿನ ಪದರವು ಚಕ್ಕೆಯಾಗಿ ಸಿಡಿಯುತ್ತದೆ. ಗ್ರಾನೈಟಿನೊಳಗಿನ ಬೆಣಚುಕಲ್ಲಿನ ಹರಳು ಸುಮಾರು 573 ಡಿಗ್ರಿ ಸೆಂಟಿಗ್ರೇಡಿನಲ್ಲಿ ತನ್ನ ರಚನೆಯನ್ನೇ ಬದಲಿಸಿ ಉಬ್ಬುವುದರಿಂದ ಬಿರುಕು ಇನ್ನಷ್ಟು ಸುಲಭ. ಶಾಖ ಮಿತಿಮೀರಿದರೆ ಮಾತ್ರ ಕಲ್ಲು ಕರಗಿ ಗಾಜಾಗುತ್ತದೆ. ಅದರಲ್ಲಿ ಶಕ್ತಿಯೂ ದಂಡ. ನೀರು ಒಸರಬೇಕಾದ ಬಿರುಕುಗಳೂ ಮುಚ್ಚಿಹೋದಾವು.

ಸಿಡಿದ ಚಕ್ಕೆಗಳನ್ನು ಕೂಡಲೇ ಊದಿ ಹೊರಹಾಕದಿದ್ದರೆ ಅವೇ ಕಿರಣವನ್ನು ನುಂಗಿಕೊಳ್ಳುತ್ತವೆ. ಆದುದರಿಂದ ಲಾರಿಯ ಮೇಲೆ ಗುಡುಗುಡಿಸುವ ಆ ಕಂಪ್ರೆಸರಿನಿಂದ ಬಿಡುಗಡೆಯಿಲ್ಲ. ಇದಕ್ಕಿಂತ ದೊಡ್ಡ ತೊಡಕು ಬೇರೊಂದಿದೆ. ಇಂಥ ಲೇಸರುಗಳ ಕಣ್ಣಿಗೆ ಕಾಣದ ಅತಿಕೆಂಪು ಕಿರಣವನ್ನು ನೀರು ಹೀರಿಕೊಳ್ಳುತ್ತದೆ. ಎಣ್ಣೆಬಾವಿಯವರಿಗೆ ಇದು ಒಂದು ಅಡಚಣೆಯಷ್ಟೆ. ಕುಪ್ಪಗಡ್ಡೆಯ ರೈತನಿಗೋ, ಯಾವುದಕ್ಕಾಗಿ ಕೊರೆಸಿದನೋ ಅದೇ ಎದುರಾದಾಗ ಬೈರಿಗೆಯು ಮಂಕಾದಂತಾಯಿತು! ಅಲ್ಲದೆ, ನೀರಿರುವ ಬಿರುಕು ತೋಟದ ಯಾವ ಮೂಲೆಯಲ್ಲಿದೆ ಎಂಬುದನ್ನು ಈ ಕಿರಣವು ಹೇಳಲಾರದು.

ಹೀಗಾಗಿ ಅಡಕೆಯ ತೋಟದಂಚಿನಲ್ಲಿ ಇಂದಿಗೂ ಉಕ್ಕಿನ ಸುತ್ತಿಗೆಯೇ ಬಡಿಯುತ್ತಿದೆ. ಮನೆಮಂದಿಯೆಲ್ಲ ದೂರದಲ್ಲಿ ನಿಂತು, ಮೇಲೇಳುವ ಬೂದುಬಣ್ಣದ ಧೂಳು ಯಾವಾಗ ಕೆಸರಾದೀತೆಂದು ನೋಡುತ್ತಿರುತ್ತಾರೆ.