ಪ್ರಮೇಯ ಉಳಿಸಿದ ಗಾಳಿಗಿರಣಿ

1800ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಬ್ರೆಡ್ಡಿಗಾಗಿ ದಂಗೆಯೆದ್ದಿತ್ತು. ಗೋಧಿ ತುಟ್ಟಿಯಾಗಿತ್ತು. ಹಸಿದ ಜನ ಬೇಕರಿಗಳ ಮೇಲೆ ಮುಗಿಬಿದ್ದರು. ಹಾಗೆ ದಾಳಿಗೆ ಸಿಕ್ಕ ಬೇಕರಿಗಳಲ್ಲಿ ಜಾರ್ಜ್ ಗ್ರೀನ್ ಎಂಬಾತನದೂ ಒಂದು. ಆದರೂ ಆತ ಕಸುಬು ಬಿಡಲಿಲ್ಲ. 1807ರಲ್ಲಿ ಊರಾಚೆಯ ಸ್ನೆಂಟನ್ ಗುಡ್ಡದ ಮೇಲೆ, ಗಾಳಿ ಧಾರಾಳವಾಗಿ ಬೀಸುವ ಜಾಗದಲ್ಲಿ, ಇಟ್ಟಿಗೆಯ ಗೋಪುರ ಕಟ್ಟಿಸಿ ಸ್ವಂತ ಗಿರಣಿ ಹೂಡಿದ. ಆ ಗೋಪುರ ಇಂದಿಗೂ ಅಲ್ಲೇ ಇದೆ. ಊರು ಬೆಳೆದು ಗುಡ್ಡವನ್ನು ಸುತ್ತುವರಿದಿದೆ.

ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಸಾವಿರಾರು ಗಾಳಿಗಿರಣಿಗಳಿದ್ದವು. ಉಗಿಯಂತ್ರ ಬಂತು, ಉಕ್ಕಿನ ರೋಲರುಗಳು ಬಂದವು, ಒಂದೊಂದೇ ಗಿರಣಿಯ ರೆಕ್ಕೆ ಕಳಚಿತು. ಸ್ನೆಂಟನ್ ಗಿರಣಿಯೂ 1860ರ ದಶಕದಲ್ಲಿ ನಿಂತುಹೋಯಿತು. ಅದು ಮತ್ತೆ ತಿರುಗಲು ಕಾರಣ ಹಿಟ್ಟಲ್ಲ, ಗಣಿತ.

ಬೇಕರಿಯವನ ಮಗನ ಹೆಸರೂ ಜಾರ್ಜ್ ಗ್ರೀನ್. ಹುಟ್ಟಿದ್ದು 1793ರಲ್ಲಿ. ಶಾಲೆ ಕಂಡಿದ್ದು ವರ್ಷ, ಒಂದೂವರೆ ವರ್ಷ ಮಾತ್ರ. ಒಂಬತ್ತರ ವಯಸ್ಸಿಗಾಗಲೇ ಅಪ್ಪನ ಬೇಕರಿಯಲ್ಲಿ ಕೆಲಸ. ಮುಂದೆ ಗಿರಣಿಯ ಹೊಣೆ. ಗಿರಣಿಯ ಕೆಲಸ ಅವನಿಗೆ ಬೇಸರ ತರಿಸುತ್ತಿತ್ತೆಂದು ಅವನನ್ನು ಬಲ್ಲ ಬಂಧುವೇ ಬರೆದಿಟ್ಟಿದ್ದಾನೆ. ಗಿರಣಿಯ ಮೇಲಂತಸ್ತಿನಲ್ಲಿ ಕೂತು ಓದಿಕೊಳ್ಳುತ್ತಿದ್ದನೆಂಬುದು ಊರಿನವರ ನಂಬಿಕೆ. 1828ರಲ್ಲಿ ವಿದ್ಯುತ್ತು ಮತ್ತು ಕಾಂತತ್ವಕ್ಕೆ ಗಣಿತವನ್ನು ಅನ್ವಯಿಸುವ ಪ್ರಬಂಧವೊಂದನ್ನು ಸ್ವಂತವಾಗಿ ಅಚ್ಚು ಹಾಕಿಸಿದ. ಬೆಲೆ ಏಳೂವರೆ ಷಿಲಿಂಗ್. ಕೊಂಡವರು ಐವತ್ತರ ಆಸುಪಾಸು, ಹೆಚ್ಚಿನವರು ಸ್ಥಳೀಯರು. ಅದರೊಳಗಿನದು ಅವರಲ್ಲಿ ಎಷ್ಟು ಜನರಿಗೆ ತಿಳಿದೀತು!

ಕೊಂಡವರಲ್ಲಿ ಒಬ್ಬನಿಗೆ ಮಾತ್ರ ಅದರ ಬೆಲೆ ಗೊತ್ತಾಯಿತು. ಸರ್ ಎಡ್ವರ್ಡ್ ಬ್ರಾಮ್‌ಹೆಡ್ ಎಂಬ ಆ ಸಿರಿವಂತನ ಒತ್ತಾಸೆಯಿಂದ ಗ್ರೀನ್ ಗಿರಣಿಯನ್ನು ಗುತ್ತಿಗೆಗೆ ಕೊಟ್ಟು, ನಲವತ್ತರ ಪ್ರಾಯದಲ್ಲಿ ಕೇಂಬ್ರಿಡ್ಜಿಗೆ ಹೋಗಿ ವಿದ್ಯಾರ್ಥಿಯಾದ. ಕಾಲೇಜಿನ ಫೆಲೋ ಕೂಡ ಆದ. ಆದರೆ ಆರೋಗ್ಯ ಕೈಕೊಟ್ಟಿತು. ಊರಿಗೆ ಮರಳಿ 1841ರಲ್ಲಿ ತೀರಿಕೊಂಡ. ಸಮಾಧಿ ಗಿರಣಿಯ ಹತ್ತಿರದ ಸೇಂಟ್ ಸ್ಟೀಫನ್ಸ್ ಚರ್ಚಿನ ಅಂಗಳದಲ್ಲಿದೆ. ನಾಲ್ಕು ವರ್ಷದ ಬಳಿಕ ವಿಲಿಯಂ ಥಾಮ್ಸನ್, ಅಂದರೆ ಮುಂದಿನ ಲಾರ್ಡ್ ಕೆಲ್ವಿನ್, ಆ ಪ್ರಬಂಧದ ಪ್ರತಿಯನ್ನು ತನ್ನ ಶಿಕ್ಷಕನಿಂದ ಪಡೆದು ಪ್ಯಾರಿಸ್ಸಿಗೆ ಒಯ್ದ. ಅಲ್ಲಿನ ಗಣಿತಜ್ಞರು ಬೆರಗಾದರು. ಕರ್ನಾಟಕದ ಎಂಜಿನಿಯರಿಂಗ್ ತರಗತಿಗಳಲ್ಲಿ ವೆಕ್ಟರ್ ಕಲನಶಾಸ್ತ್ರ ಓದುವವರು ಬಿಡಿಸುವ ‘ಗ್ರೀನ್ ಪ್ರಮೇಯ’ ಈ ಗಿರಣಿಯವನ ಹೆಸರಿನದೇ.

ಇತ್ತ ಗಿರಣಿಯ ಪಾಡು ನೋಡಿ. ಗ್ರೀನ್ ಮತ್ತು ಜೇನ್ ಸ್ಮಿತ್‌ಗೆ ಏಳು ಮಕ್ಕಳು. ಅವರು ಮದುವೆಯಾಗಿರಲಿಲ್ಲ, ಜೇನ್ ಗಿರಣಿಯ ಮೇಸ್ತ್ರಿಯ ಮಗಳು. ಮಕ್ಕಳಲ್ಲಿ ಕೊನೆಯವರೆಗೆ ಉಳಿದ ಕ್ಲಾರಾ 1919ರಲ್ಲಿ ತೀರಿಕೊಂಡಳು. ಆಮೇಲೆ ಆಲಿವರ್ ಹಿಂಡ್ ಎಂಬ ವಕೀಲ ಗಿರಣಿಯನ್ನು ಕೊಂಡು, ಮಳೆ ಒಳಗಿಳಿಯದಂತೆ ತಾಮ್ರದ ತಗಡು ಹೊದಿಸಿದ. ಇದು ಸಣ್ಣ ಕೆಲಸವಲ್ಲ. ಗೋಪುರ ಕುಸಿಯದೆ ನಿಂತಿದ್ದರಲ್ಲಿ ಆ ತಗಡಿನ ಪಾಲು ದೊಡ್ಡದು. ಮುಂದೆ ಒಳಗೆ ಪಾಲಿಷ್ ತಯಾರಿಸುವ ಕೆಲಸ ನಡೆಯತೊಡಗಿತು. 1947ರಲ್ಲಿ ಬೆಂಕಿ ಬಿದ್ದು ಮರದ ಸಾಮಾನೆಲ್ಲ ಸುಟ್ಟು ಬರೀ ಇಟ್ಟಿಗೆಯ ಕೊಳವೆ ಉಳಿಯಿತು.

1970ರ ದಶಕದಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಗ್ರೀನ್ ಹೆಸರಿನಲ್ಲಿ ನಿಧಿ ಕೂಡಿಸಲು ಹೊರಟರು. ಕಲ್ಲುಪ್ರತಿಮೆ ನಿಲ್ಲಿಸಿ ಕೈತೊಳೆದುಕೊಳ್ಳಬಹುದಿತ್ತು. ಅವರು ಗಿರಣಿಯನ್ನೇ ಆರಿಸಿಕೊಂಡರು. 1979ರಲ್ಲಿ ನಗರಸಭೆ ಗೋಪುರವನ್ನು ಕೊಂಡಿತು, 1985ರಲ್ಲಿ ಅದು ಜನರಿಗೆ ತೆರೆಯಿತು, ಮರುವರ್ಷ ಹಿಟ್ಟೂ ಬಂತು.

ಒಳಗೆ ಹೋದವರಿಗೆ ಕೆಲಸದ ಕ್ರಮ ಮೇಲಿಂದ ಕೆಳಗೆ ಕಾಣುತ್ತಾ ಹೋಗುತ್ತದೆ. ಗೋಧಿಯ ಚೀಲ ಹಗ್ಗದಲ್ಲಿ ಮೇಲೇರುತ್ತದೆ. ಅಲ್ಲಿಂದ ಕಾಳು ತನ್ನ ಭಾರಕ್ಕೇ ಇಳಿದು ಕಲ್ಲುಗಳ ನಡುವೆ ಬೀಳುತ್ತದೆ. ನಮ್ಮ ಮನೆಯ ಬೀಸುಕಲ್ಲಿನಂತೆಯೇ ಕೆಳಗಲ್ಲು ಅಲುಗದು, ಮೇಲ್ಗಲ್ಲು ಸುತ್ತುತ್ತದೆ. ಹಿಟ್ಟು ಇನ್ನೂ ಕೆಳಗಿನ ಅಂತಸ್ತಿಗೆ ಬರುತ್ತದೆ. ಗೋಪುರ ಕದಲುವುದಿಲ್ಲ, ಅದರ ಟೋಪಿಯಷ್ಟೇ ತಿರುಗುವುದು. ಟೋಪಿಯ ಹಿಂಬದಿಯಲ್ಲಿರುವ ಪುಟ್ಟ ಗಾಳಿಚಕ್ರಕ್ಕೆ ಗಾಳಿ ಓರೆಯಾಗಿ ತಾಗಿದರೆ ಅದು ಸುತ್ತಿ, ಹಲ್ಲುಚಕ್ರಗಳ ಮೂಲಕ ಟೋಪಿಯನ್ನು ತಳ್ಳಿ ದೊಡ್ಡ ರೆಕ್ಕೆಗಳನ್ನು ಗಾಳಿಗೆದುರಾಗಿ ನಿಲ್ಲಿಸುತ್ತದೆ. ರೆಕ್ಕೆಗಳಲ್ಲಿ ಕಿಟಕಿಯ ಪಟ್ಟಿಗಳಂಥ ಹಲಗೆಗಳಿವೆ. ಬಿರುಗಾಳಿ ಎದ್ದಾಗ ಅವು ತೆರೆದು ಗಾಳಿಯನ್ನು ಹಾದುಹೋಗಲು ಬಿಡುತ್ತವೆ. ಈ ರೆಕ್ಕೆಗಳನ್ನು ವಿಲಿಯಂ ಕ್ಯೂಬಿಟ್ ರೂಪಿಸಿದ್ದು 1807ರಲ್ಲಿ, ಸ್ನೆಂಟನ್ ಗೋಪುರ ಎದ್ದ ವರ್ಷವೇ.

ತಿರುಗುವ ಗಿರಣಿಯನ್ನು ಕಾಪಾಡುವುದು ನಿಂತ ಗಿರಣಿಯನ್ನು ಕಾಪಾಡುವುದಕ್ಕಿಂತ ಕಷ್ಟ. ಮಳೆಗೆ ಮರ ಕೊಳೆಯುತ್ತದೆ. ಕಲ್ಲಿನ ಮುಖ ಸವೆದಾಗ ಮೇಲ್ಗಲ್ಲನ್ನೆತ್ತಿ ಉಳಿಯಿಂದ ಗೆರೆ ಕೆತ್ತಬೇಕು. ಈ ಕೈಗೆಲಸ ಬಲ್ಲವರು ಇಂಗ್ಲೆಂಡಿನಲ್ಲೇ ಬೆರಳೆಣಿಕೆಯಷ್ಟು. ಆದರೂ ಗಿರಣಿಯನ್ನು ಓಡಿಸುವುದೇ ಸರಿ. ಓಡದ ಗಿರಣಿಯ ಜೊತೆಗೆ ಗಿರಣಿಗಾರನ ಕೈಚಳಕವೂ ಸಾಯುತ್ತದೆ, ಅದನ್ನು ಯಾವ ನಕ್ಷೆಯಿಂದಲೂ ಮತ್ತೆ ಕಟ್ಟಲಾಗದು.

ಈಗ ಸ್ವಯಂಸೇವಕರ ನೆರವಿನಿಂದ ಒಂದು ಟ್ರಸ್ಟ್ ಇದನ್ನು ನಡೆಸುತ್ತಿದೆ. ಇಲ್ಲಿ ಬೀಸಿದ ಸಾವಯವ ಹಿಟ್ಟು ಇಲ್ಲಿನ ಅಂಗಡಿಯಲ್ಲೇ ಸಿಗುತ್ತದೆ. ಅಂಗಳದ ವಿಜ್ಞಾನ ಕೇಂದ್ರದಲ್ಲಿ ಮಕ್ಕಳು ಗ್ರೀನ್ ತಲೆಕೆಡಿಸಿಕೊಂಡ ಕಾಂತ, ವಿದ್ಯುತ್ತುಗಳನ್ನೇ ಮುಟ್ಟಿ ನೋಡುತ್ತಾರೆ. ಹಿಟ್ಟು ಕೊಳ್ಳಲು ಬಂದವರು ಗಣಿತದ ಕತೆ ಕೇಳುತ್ತಾರೆ, ಪ್ರಮೇಯ ಓದಿ ಬಂದವರು ಹಿಟ್ಟು ಕೊಂಡು ಹೋಗುತ್ತಾರೆ.