ಊರಿನ ಗ್ಯಾಸ್ ಒಲೆ ಆಬರ್ನ್ ಹಿಲ್ಸ್‌ಗೆ ಬೇಡ

ಬೆಂಗಳೂರಿಂದ ಮೂರು ಬರ್ನರ್ ಒಲೆ ತಂದು ಅಮೆರಿಕದ ಆಬರ್ನ್ ಹಿಲ್ಸ್ ಮನೆಗೆ ಜೋಡಿಸೋಣ ಅಂತಿದ್ದೀರಾ? ಬೇಡ. ಆ ಒಲೆ ಸಿಲಿಂಡರಿನ ಎಲ್‌ಪಿಜಿಗೆ ಮಾಡಿದ್ದು. ಇಲ್ಲಿ ಪೈಪಿನಲ್ಲಿ ಬರೋದು ನೈಸರ್ಗಿಕ ಅನಿಲ. ಒತ್ತಡ ಬೇರೆ, ಜೆಟ್ಟಿನ ತೂತಿನ ಅಳತೆಯೂ ಬೇರೆ.

ಇಲ್ಲೇ ಕೊಂಡ ಒಲೆಯನ್ನೂ ಲೈಸೆನ್ಸ್ ಇದ್ದವರೇ ಕೂರಿಸಲಿ. ಪರ್ಮಿಟ್ ಬೇಕಾ ಅಂತ ಸಿಟಿಯ ಕಟ್ಟಡ ವಿಭಾಗದಲ್ಲಿ ಮೊದಲೇ ಕೇಳಿ. ಹಳೇ ಒಲೆಯ ಫ್ಲೆಕ್ಸಿಬಲ್ ಪೈಪನ್ನು ಹೊಸದಕ್ಕೆ ಹಾಕಿಸಬೇಡಿ. ಸೋರಿಕೆ ನೋಡೋಕೆ ಸೋಪಿನ ನೀರು ಸಾಕು, ಗುಳ್ಳೆ ಎದ್ದರೆ ಗೊತ್ತಾಗುತ್ತೆ. ಕಡ್ಡಿ ಗೀರೋ ಧೈರ್ಯ ಯಾರಿಗೂ ಬೇಡ.

ಇಲ್ಲಿಯ ನಿಜವಾದ ತಲೆನೋವು ಚಳಿಗಾಲ. ಜನವರಿಯಲ್ಲಿ ಕಿಟಕಿ ಬಿಗಿಯಾಗಿ ಮುಚ್ಚಿ, ಒಂದು ಒಲೆಯಲ್ಲಿ ಒಗ್ಗರಣೆ, ಇನ್ನೊಂದರಲ್ಲಿ ಕುಕ್ಕರ್. ಮೇಲಿನ ಮೈಕ್ರೋವೇವ್ ಫ್ಯಾನ್ ಎಷ್ಟೋ ಮನೆಗಳಲ್ಲಿ ಹೊಗೆಯನ್ನು ಫಿಲ್ಟರಿಗೆ ತೋರಿಸಿ ವಾಪಸ್ ನಿಮ್ಮ ಮುಖಕ್ಕೇ ಊದುತ್ತೆ! ಅದರ ಗಾಳಿ ಹೊರಗೆ ಹೋಗುತ್ತಾ, ನೋಡಿ. ಇಲ್ಲವಾದರೆ ಚಳಿಯಾದರೂ ಕಿಟಕಿ ಸ್ವಲ್ಪ ತೆಗೀರಿ. ಉರಿ ನೀಲಿಯಾಗಿರಲಿ; ಹಳದಿಯಾಗಿ ಮಸಿ ಕಟ್ಟಿದರೆ ರಿಪೇರಿಯವರನ್ನು ಕರೀರಿ. ಮನೆ ಬೆಚ್ಚಗಾಗಲಿ ಅಂತ ಒಲೆ ಹಚ್ಚಿಡಲೇಬೇಡಿ. ಅದರಿಂದ ಬರಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಪೈಪಿನ ಅನಿಲಕ್ಕಾದರೋ ಕೊಳೆತ ಮೊಟ್ಟೆಯ ವಾಸನೆ ಬೆರೆಸಿರುತ್ತಾರೆ. ಎಲ್‌ಪಿಜಿ ನೆಲಕ್ಕಿಳಿಯುತ್ತೆ, ಇದು ಮೇಲೇರುತ್ತೆ. ವಾಸನೆ ಬಂತಾ? ಲೈಟ್ ಸ್ವಿಚ್ ಮುಟ್ಟಬೇಡಿ, ಒಳಗೆ ನಿಂತು ಫೋನೂ ಮಾಡಬೇಡಿ. ಎಲ್ಲರೂ ಹೊರಗೆ ಬಂದು, ದೂರ ಹೋಗಿ, 911ಕ್ಕೆ ಕರೆ ಮಾಡಿ.

ಈಗ ರೀಲ್ ನಿಲ್ಲಿಸಿ, ಮನೆಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಬಟನ್ ಒಮ್ಮೆ ಒತ್ತಿ ನೋಡಿ.